11 ಕಾಲಂನ ಸಾಲದ ಪಟ್ಟಿ: ಊರುಗಳ ಅನುಕ್ರಮ ತಪ್ಪು, ಒತ್ತಕ್ಷರ ಕಟ್, ಸ್ಕ್ರಾಲ್ ಮಾಡಿದರೆ ಹೆಡರ್ ಗೆರೆ ಮಾಯ

ಹೊಸಗೆರೆ ಕೇಳಿದ ಪ್ರಶ್ನೆ (ಹೊಸಗೆರೆ, ವರ್ಣಮಾಲೆ, ಚೌಕಟ್ಟು ಮುಂತಾದವು ಇಲ್ಲಿ ಬರೆದವರ ಅಡ್ಡಹೆಸರುಗಳು)

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೊಂದರ ಸಾಲ ವಸೂಲಿಗೆ ಬ್ರೌಸರಿನಲ್ಲಿ ಓಡುವ ಅಪ್ಲಿಕೇಶನ್ ಇದು. ಬಳಸುವವರ ಕಣ್ಣೆದುರು ದಿನವಿಡೀ ಇರುವುದು ಒಂದೇ ಪರದೆ, ಸದಸ್ಯರ ಸಾಲದ ಪಟ್ಟಿ. ಒಟ್ಟು 8,640 ರೋ, 11 ಕಾಲಂ. (ಸಾಲ, ಸಾಲು ಎರಡೂ ಒಟ್ಟಿಗೆ ಬಂದರೆ ಓದುವವರಿಗೆ ಗೊಂದಲ, ಹಾಗಾಗಿ ರೋ ಅಂತಲೇ ಬರೆಯುತ್ತೇನೆ.) ಎಡದಿಂದ ಕಾಲಂಗಳು: ಸದಸ್ಯ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಸಾಲದ ಬಗೆ, ಮಂಜೂರಾದ ದಿನ, ಅಸಲು, ಬಡ್ಡಿ, ಕಟ್ಟಿದ್ದು, ಬಾಕಿ, ಗಡುವು. ಬಳಸುವವರು ಸಂಘದ ಕಾರ್ಯದರ್ಶಿ ಮತ್ತು ಇಬ್ಬರು ಗುಮಾಸ್ತರು. ಮಾನಿಟರ್ 1366×768.

ಈಗಿರುವ ತೊಂದರೆಗಳು ಇವು.

ಊರಿನ ಹೆಡರ್ ಮೇಲೆ ಕ್ಲಿಕ್ ಮಾಡಿದರೆ ಬಳ್ಳೂರು ಮೊದಲು ಬಂದು ಬಸವನಹಳ್ಳಿ, ಬಸವಾಪುರ ಆಮೇಲೆ ಬರುತ್ತವೆ. ಸಂಘದ ಹಳೆಯ ಲೆಡ್ಜರಿನಲ್ಲಿ ಬಸವಾಪುರ ಮುಗಿದ ಮೇಲೆ ಬಳ್ಳೂರು ಇದೆ. ರಮೇಶ್ ಅನ್ನುವ ಹೆಸರುಗಳು ಎರಡು ಗುಂಪಾಗಿ ಒಡೆದು ಕಾಣುತ್ತವೆ, ನೋಡಲು ಎರಡೂ ಒಂದೇ.

ಲಕ್ಷ್ಮಿ, ರಾಷ್ಟ್ರ ತರಹದ ಪದಗಳಲ್ಲಿ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗಿದೆ. ಅಕ್ಷರದ ಗಾತ್ರ 14 ಪಿಕ್ಸೆಲ್, ಲೈನ್-ಹೈಟ್ 1.2.

ಹೆಡರಿಗೆ ಪೊಸಿಷನ್ ಸ್ಟಿಕಿ (ಸ್ಕ್ರಾಲ್ ಮಾಡಿದರೂ ಜಾಗ ಬಿಡದಂತೆ ನಿಲ್ಲಿಸುವ ಸಿಎಸ್‌ಎಸ್ ಸೂಚನೆ) ಹಾಕಿದೆ. ಹೆಡರ್ ಮೇಲೆ ನಿಲ್ಲುತ್ತದೆ, ಆದರೆ ಸ್ಕ್ರಾಲ್ ಮಾಡುತ್ತಿದ್ದಂತೆ ಅದರ ಕೆಳಗಿನ ಗೆರೆ ರೋಗಳ ಜೊತೆ ಮೇಲಕ್ಕೆ ಹೋಗಿಬಿಡುತ್ತದೆ. ಮೊದಲೆರಡು ಕಾಲಂಗಳನ್ನೂ ಎಡಕ್ಕೆ ನಿಲ್ಲಿಸಬೇಕು, ಹಾಗೆ ಮಾಡಿದರೆ ಅಕ್ಷರದ ಮೇಲೆ ಅಕ್ಷರ ಕೂರುತ್ತದೆ.

ಮೊತ್ತದ ಕಾಲಂಗಳೆಲ್ಲ ಈಗ ನಡುವಿಗೆ ಜೋಡಿಸಿವೆ, ನೋಡಿದರೆ ಅಂಕಿ ಕುಣಿದಂತೆ ಇದೆ. ಪುಟ ಮೊದಲ ಸಲ ತೆರೆದುಕೊಳ್ಳಲು ಹಲವು ಸೆಕೆಂಡು ಹಿಡಿಯುತ್ತದೆ.

ಡೇಟಾಬೇಸ್ ಪೋಸ್ಟ್‌ಗ್ರೆಸ್. ರೆಡಿಮೇಡ್ ಗ್ರಿಡ್ ಲೈಬ್ರರಿ ಹಾಕಿಲ್ಲ, ಸಾದಾ ಎಚ್‌ಟಿಎಂಎಲ್ ಟೇಬಲ್. ಯಾವುದನ್ನು ಮೊದಲು ಹಿಡಿಯಲಿ?

---

ವರ್ಣಮಾಲೆ ಉತ್ತರ

ಅನುಕ್ರಮದಿಂದ ಶುರು ಮಾಡಿ. ತಪ್ಪು ಅನುಕ್ರಮ ಕಂಡ ದಿನವೇ ಗುಮಾಸ್ತರು ಪರದೆಯನ್ನು ನಂಬುವುದು ಬಿಟ್ಟು ಲೆಡ್ಜರ್ ತೆಗೆಯುತ್ತಾರೆ, ಆಮೇಲೆ ಎಷ್ಟು ಚೆಂದ ಮಾಡಿದರೂ ಪ್ರಯೋಜನವಿಲ್ಲ.

ಕಾರಣ ಒಂದೇ ಅಕ್ಷರ: ಳ. ನಮ್ಮ ವರ್ಣಮಾಲೆಯಲ್ಲಿ ಯ ರ ಲ ವ ಶ ಷ ಸ ಹ ಳ, ಅಂದರೆ ಳ ಕಟ್ಟಕಡೆಗೆ. ಯುನಿಕೋಡಿನ ಕೋಡ್ ಸಂಖ್ಯೆಗಳಲ್ಲಿ ಳ ಕೂತಿರುವುದು ಲ ಆದ ತಕ್ಷಣ, ವ ಬರುವ ಮೊದಲೇ. ಜಾವಾಸ್ಕ್ರಿಪ್ಟಿನ ಸಾರ್ಟ್‌ಗೆ ಏನೂ ಹೇಳದೆ ಬಿಟ್ಟರೆ ಅದು ಈ ಸಂಖ್ಯೆಗಳನ್ನೇ ಹೋಲಿಸುತ್ತದೆ. ಹಾಗಾಗಿ ಬಳ್ಳಾರಿ ಬಸವಕಲ್ಯಾಣಕ್ಕಿಂತ ಮೊದಲು, ಕಳಸ ಕವಿತಾಳಕ್ಕಿಂತ ಮೊದಲು. ಎಸ್‌ಕ್ಯುಎಲೈಟ್ ಕೂಡ ತಾನಾಗಿ ಬೈಟ್ ಲೆಕ್ಕದಲ್ಲೇ ಜೋಡಿಸುವುದರಿಂದ ಅಲ್ಲಿಯೂ ಇದೇ ಆಗುತ್ತದೆ.

ಬ್ರೌಸರಿನಲ್ಲಿ ಇದಕ್ಕೆ, ಆಯಾ ಭಾಷೆಯ ಅನುಕ್ರಮದಂತೆ ಪದಗಳನ್ನು ಹೋಲಿಸುವ ಇಂಟ್ಲ್.ಕೊಲೇಟರ್ ಇದೆ. ಭಾಷೆ ಕೆಎನ್ ಕೊಟ್ಟು, ನ್ಯೂಮರಿಕ್ ಟ್ರೂ ಮಾಡಿ ಒಂದೇ ಒಂದು ಸಲ ಕಟ್ಟಿಕೊಳ್ಳಿ, ಅದರ ಕಂಪೇರ್ ಫಂಕ್ಷನ್ನನ್ನು ಸಾರ್ಟ್‌ಗೆ ಕೊಡಿ. ಪ್ರತಿ ಹೋಲಿಕೆಗೂ ಲೊಕೇಲ್‌ಕಂಪೇರ್ ಕರೆದರೆ ಉತ್ತರ ಅದೇ ಬಂದರೂ ಸಾವಿರಾರು ರೋಗಳಲ್ಲಿ ನಿಧಾನವಾಗುತ್ತದೆ. ನ್ಯೂಮರಿಕ್ ಹಾಕುವುದು ಯಾಕೆಂದರೆ "ವಾರ್ಡ್ 10" ಬಂದು "ವಾರ್ಡ್ 2"ರ ಮುಂದೆ ಕೂರಬಾರದು. ಹಾಕಿದ ಮೇಲೆ ಕನ್ಸೋಲಿನಲ್ಲಿ ಬಳ್ಳಾರಿ, ಬಸವಕಲ್ಯಾಣ ಈ ಎರಡನ್ನೇ ಹೋಲಿಸಿ ನೋಡಿ. ಉತ್ತರ ಸೊನ್ನೆಗಿಂತ ಹೆಚ್ಚು ಬಂದರೆ ಸರಿಯಾಗಿದೆ.

ರಮೇಶ್ ಎರಡು ಗುಂಪಾಗಿರುವುದು ಬೇರೆ ರೋಗ. ಕೆಲವು ಕೀಬೋರ್ಡುಗಳು ಅರ್ಧಾಕ್ಷರದ ಕೊನೆಗೆ ಝಡ್‌ಡಬ್ಲ್ಯುಎನ್‌ಜೆ ಎಂಬ ಕಾಣದ ಅಕ್ಷರ ಬಿಟ್ಟು ಹೋಗುತ್ತವೆ. ಕಣ್ಣಿಗೆ ಎರಡೂ ರಮೇಶ್, ಕಂಪ್ಯೂಟರಿಗೆ ಒಂದು 5 ಕೋಡಿನದು, ಇನ್ನೊಂದು 6 ಕೋಡಿನದು. ಲೆಂಗ್ತ್ ಪ್ರಿಂಟ್ ಮಾಡಿ ನೋಡಿದರೆ ಗೊತ್ತಾಗುತ್ತದೆ. ಕೊಲೇಟರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಸಾರ್ಟ್ ತಾನಾಗಿ ಸರಿಹೋಗುತ್ತದೆ. ಹುಡುಕಾಟ ಸರಿಹೋಗುವುದಿಲ್ಲ. ಹುಡುಕಲು ಬೇರೆ ಒಂದು ಫೀಲ್ಡ್ ಇಟ್ಟು, ಅದರಲ್ಲಿ ಹೆಸರನ್ನು ಎನ್‌ಎಫ್‌ಸಿಗೆ (ಯುನಿಕೋಡಿನ ಒಂದು ಏಕರೂಪಕ್ಕೆ) ನಾರ್ಮಲೈಸ್ ಮಾಡಿ, ಕಾಣದ ಅಕ್ಷರ ಕಿತ್ತು ಹಾಕಿ ಉಳಿಸಿ. ನಾರ್ಮಲೈಸ್ ಯಾಕೆ ಬೇಕೆಂದರೆ ಕೊ ಅನ್ನುವಲ್ಲಿನ ಸ್ವರಚಿಹ್ನೆಯನ್ನು ಒಂದೇ ಕೋಡಿನಲ್ಲೂ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು.

ಒಂದು ಎಚ್ಚರ. ಮೂಲ ಹೆಸರಿನಿಂದ ಝಡ್‌ಡಬ್ಲ್ಯುಎನ್‌ಜೆ ತೆಗೆಯಬೇಡಿ. ಸುರೇಶ್‌ಕುಮಾರ್ ಎಂದು ಬರೆಸಿಕೊಂಡವರು ಸುರೇಶ್ಕುಮಾರ್ ಆಗಿಬಿಡುತ್ತಾರೆ. ಜನರ ಹೆಸರು ಅವರು ಬರೆದಂತೆಯೇ ಇರಬೇಕು.

ಹಳೆಯ ಡೇಟಾ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪಾಗಿದ್ದರೆ ಇದ್ಯಾವುದೂ ನಡೆಯದು. ಅಲ್ಲಿ ಉಳಿದಿರುವುದು ಅಕ್ಷರದ ಆಕಾರದ ತುಂಡುಗಳು ಮಾತ್ರ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವೊತ್ತು ಇರುವ ಹೆಸರುಗಳನ್ನು ಕೈಯಾರೆ ನೋಡಿ. ಪರಿವರ್ತನೆಯಲ್ಲಿ ಹೆಚ್ಚು ಎಡವುವುದು ಅಲ್ಲೇ.

ಪೋಸ್ಟ್‌ಗ್ರೆಸ್ ಇರುವುದರಿಂದ ಸಾರ್ಟನ್ನು ಸರ್ವರಿನಲ್ಲೇ ಮಾಡಬಹುದು. 10ನೇ ಆವೃತ್ತಿಯಿಂದ ಐಸಿಯು ಲೈಬ್ರರಿಯ ಕೊಲೇಶನ್ (ಭಾಷಾವಾರು ಅನುಕ್ರಮದ ನಿಯಮ) ಬಂದಿದೆ, ಆರ್ಡರ್ ಬೈ ಊರು ಆದ ಮೇಲೆ ಕೊಲೇಟ್ "ಕೆಎನ್-ಎಕ್ಸ್-ಐಸಿಯು" ಎಂದು ಸೇರಿಸಿದರೆ ಮುಗಿಯಿತು. ಪುಟಪುಟವಾಗಿ ತರುವುದಾದರೆ ಆರ್ಡರ್ ಬೈ ಕೊನೆಗೆ ಸದಸ್ಯ ಸಂಖ್ಯೆಯನ್ನೂ ಕಡ್ಡಾಯವಾಗಿ ಹಾಕಿ. ಒಂದೇ ಊರಿನ 140 ಜನರಲ್ಲಿ ಯಾರು ಮೊದಲು ಎಂದು ಹೇಳದಿದ್ದರೆ ಡೇಟಾಬೇಸ್ ಪ್ರತಿ ಸಲವೂ ಬೇರೆ ಕ್ರಮ ಕೊಡಬಹುದು. ಆಗ 2ನೇ ಪುಟದಲ್ಲಿ ಕಂಡವರೇ 3ನೇ ಪುಟದಲ್ಲೂ ಕಾಣುತ್ತಾರೆ, ಇನ್ಯಾರೋ ಎಲ್ಲೂ ಕಾಣುವುದೇ ಇಲ್ಲ. ವಸೂಲಿ ಪಟ್ಟಿಯಲ್ಲಿ ಇದು ಸಣ್ಣ ತಪ್ಪೇನಲ್ಲ.

---

ಚೌಕಟ್ಟು ಉತ್ತರ

ಹೊಸಗೆರೆ ಅವರೇ, ಕಣ್ಣಿಗೆ ಕಾಣುವ ಭಾಗದ ಬಗ್ಗೆ ನಾನು ಬರೆಯುತ್ತೇನೆ.

ಒತ್ತಕ್ಷರ: 14ಕ್ಕೆ 1.2 ಅಂದರೆ 16.8 ಪಿಕ್ಸೆಲ್. ಇಂಗ್ಲಿಷ್ ಅಕ್ಷರಕ್ಕೆ ಅದು ಸಾಕು. ಲಕ್ಷ್ಮಿಯಲ್ಲಿ ಕ ಕೆಳಗೆ ಷ, ಅದರ ಜೊತೆ ಮ, ಮೇಲೆ ಗುಡಿಸು. ರಾಷ್ಟ್ರದಲ್ಲಿಯೂ ಎರಡು ಒತ್ತು. ಲೈನ್-ಹೈಟ್ 1.7 ಕೊಡಿ, ಸುಮಾರು 24 ಪಿಕ್ಸೆಲ್ ಆಗುತ್ತದೆ, ಮೇಲೆ ಕೆಳಗೆ 6-6 ಪ್ಯಾಡಿಂಗ್ ಸೇರಿ ರೋ ಎತ್ತರ 36.

ಆದರೆ ಲೈನ್-ಹೈಟ್ ಒಂದೇ ಕಾರಣವಾಗಿರಲಿಕ್ಕಿಲ್ಲ. ಉದ್ದ ಹೆಸರಿಗೆ ಮೂರು ಚುಕ್ಕೆ ಬರಲೆಂದು ಸೆಲ್ ಒಳಗೆ ಒಂದು ಡಿವ್ (ಎಚ್‌ಟಿಎಂಎಲ್‌ನ ಸಾದಾ ಪೆಟ್ಟಿಗೆ) ಹಾಕಿ ಅದಕ್ಕೆ ಓವರ್‌ಫ್ಲೋ ಹಿಡನ್ ಕೊಟ್ಟಿದ್ದೀರಾ? ಹಾಗಿದ್ದರೆ ಕತ್ತರಿ ಬೀಳುವುದು ಆ ಡಿವ್‌ನ ಅಂಚಿಗೆ, ಸೆಲ್‌ನ ಪ್ಯಾಡಿಂಗ್ ಅದರ ಹೊರಗಿರುತ್ತದೆ, ಒತ್ತಿಗೆ ಇಳಿಯಲು ಜಾಗವೇ ಇಲ್ಲ. ಪ್ಯಾಡಿಂಗನ್ನು ಡಿವ್ ಒಳಕ್ಕೆ ತನ್ನಿ, ಇಲ್ಲವೇ ಡಿವ್ ತೆಗೆದು ಸೆಲ್‌ನ ಟ್ಯಾಗ್ ಆದ ಟಿಡಿಗೇ ಓವರ್‌ಫ್ಲೋ, ಟೆಕ್ಸ್ಟ್-ಓವರ್‌ಫ್ಲೋ, ವೈಟ್-ಸ್ಪೇಸ್ ನೋರ್ಯಾಪ್ ಮೂರನ್ನೂ ಕೊಡಿ. ಟಿಡಿಗೆ ಕೊಟ್ಟಾಗ ಟೇಬಲ್-ಲೇಔಟ್ ಫಿಕ್ಸೆಡ್ ಇರಲೇಬೇಕು. ಇಲ್ಲದಿದ್ದರೆ ಕಾಲಮ್ಮೇ ಉಬ್ಬಿಕೊಳ್ಳುತ್ತದೆ, ಚುಕ್ಕೆ ಬರುವುದೇ ಇಲ್ಲ.

ಚುಕ್ಕೆಯನ್ನು ಕೋಡಿನಲ್ಲಿ ನೀವೇ ಹಾಕಬೇಡಿ. ಕೃಷ್ಣ ಅನ್ನುವುದು ಒಳಗೆ ಐದು ಕೋಡು: ಕ, ಋತ್ವದ ಚಿಹ್ನೆ, ಷ, ಹಲಂತ, ಣ. ನಾಲ್ಕಕ್ಕೆ ಕತ್ತರಿಸಿದರೆ "ಕೃಷ್" ಉಳಿಯುತ್ತದೆ, ಅದು ಬೇರೆಯೇ ಹೆಸರು. ಕತ್ತರಿಸಲೇಬೇಕಾದ ಜಾಗದಲ್ಲಿ (ಎಸ್‌ಎಂಎಸ್, ಚೀಟಿ ಮುದ್ರಣ) ಪದವನ್ನು ಕಾಣುವ ಅಕ್ಷರಗಳಾಗಿ ಬಿಡಿಸುವ ಇಂಟ್ಲ್.ಸೆಗ್ಮೆಂಟರ್ ಬಳಸಿ. ಅದು ಕೂಡ ಷ್ ಮತ್ತು ಣ ನಡುವೆ ತುಂಡು ಮಾಡಬಹುದು, ಆದ್ದರಿಂದ ಉಳಿದ ತುಂಡಿನ ಕೊನೆಯಲ್ಲಿ ಹಲಂತ ಇದ್ದು, ಮೂಲದಲ್ಲಿ ಅದರ ಬೆನ್ನಿಗೇ ವ್ಯಂಜನ ಇದ್ದರೆ ಇನ್ನೊಂದು ಅಕ್ಷರ ಹಿಂದಕ್ಕೆ ಬನ್ನಿ.

ಹೆಡರ್ ಗೆರೆ: ಬಾರ್ಡರ್-ಕೊಲ್ಯಾಪ್ಸ್ ಕೊಲ್ಯಾಪ್ಸ್ ಇದ್ದಾಗ ಗೆರೆಗಳು ಸೆಲ್‌ಗೆ ಸೇರಿರುವುದಿಲ್ಲ, ಇಡೀ ಟೇಬಲ್ಲಿಗೆ ಸೇರಿರುತ್ತವೆ. ಸೆಲ್ ನಿಂತರೂ ಗೆರೆ ಟೇಬಲ್ ಜೊತೆ ಹೊರಡುತ್ತದೆ. ಸೆಪರೇಟ್ ಮಾಡಿ, ಬಾರ್ಡರ್-ಸ್ಪೇಸಿಂಗ್ ಸೊನ್ನೆ ಇಡಿ, ಪ್ರತಿ ಸೆಲ್‌ಗೂ ಬಲ ಮತ್ತು ಕೆಳ ಗೆರೆ ಮಾತ್ರ ಕೊಡಿ. ಮುಂದೊಂದು ದಿನ ಹೆಡರ್ ನಿಲ್ಲುವುದನ್ನೇ ನಿಲ್ಲಿಸಿದರೆ ಅದರ ಮೇಲಿನ ಡಿವ್‌ಗಳಲ್ಲಿ ಯಾರಾದರೂ ಓವರ್‌ಫ್ಲೋ ಹಿಡನ್ ಹಾಕಿದ್ದಾರಾ ನೋಡಿ. ಹತ್ತರಲ್ಲಿ ಒಂಬತ್ತು ಸಲ ಕಳ್ಳ ಅಲ್ಲೇ ಇರುತ್ತಾನೆ.

ನಿಂತ ಕಾಲಂಗಳಲ್ಲಿ ಅಕ್ಷರದ ಮೇಲೆ ಅಕ್ಷರ ಕೂರುವುದು ಹಿನ್ನೆಲೆ ಬಣ್ಣ ಇಲ್ಲದ್ದರಿಂದ. ರೋಗೆ ಕೊಟ್ಟ ಬಣ್ಣ ಸಾಲದು, ಸ್ಟಿಕಿ ಸೆಲ್‌ಗೇ ಗಟ್ಟಿ ಬಣ್ಣ ಬೇಕು. ಪಾರದರ್ಶಕ ಬಣ್ಣದಲ್ಲಿ ಸೆಲೆಕ್ಷನ್ ತೋರಿಸುತ್ತಿದ್ದರೆ ಅದನ್ನೂ ಗಟ್ಟಿ ಮಾಡಿ. ಝಡ್-ಇಂಡೆಕ್ಸ್ (ಯಾವುದು ಯಾವುದರ ಮೇಲೆ ಕಾಣಬೇಕು ಎನ್ನುವ ಸಂಖ್ಯೆ): ನಿಂತ ಕಾಲಂ 1, ಹೆಡರ್ 2, ಎರಡೂ ಸೇರುವ ಮೂಲೆಯ ಸೆಲ್‌ಗಳು 3. ಎರಡನೇ ಕಾಲಂನ ಲೆಫ್ಟ್ ಬೆಲೆ ಮೊದಲ ಕಾಲಂನ ಅಗಲಕ್ಕೆ ಸರಿಸಮ ಇರಬೇಕು, ಒಂದು ಪಿಕ್ಸೆಲ್ ಹೆಚ್ಚಾದರೂ ಆ ಸಂದಿಯಲ್ಲಿ ಅಂಕಿ ಇಣುಕುತ್ತದೆ.

ಅಗಲ: ಕಾಲ್‌ಗ್ರೂಪಿನಲ್ಲಿ ಕೊಡಿ. ನಿಮ್ಮ 11 ಕಾಲಂಗೆ ಕ್ರಮವಾಗಿ 72, 190, 170, 130, 110, 96, 104, 92, 104, 104, 96 ಇಟ್ಟರೆ ಒಟ್ಟು 1268. 1366ರ ಪರದೆಯಲ್ಲಿ ಅಡ್ಡ ಸ್ಕ್ರಾಲ್ ಇಲ್ಲದೆ ಕೂರುತ್ತದೆ. 104 ಎಲ್ಲಿಂದ ಬಂತು ಅಂದರೆ: 12,34,567.00ರಲ್ಲಿ 9 ಅಂಕಿ, ಒಂದಕ್ಕೆ ಸುಮಾರು 8 ಪಿಕ್ಸೆಲ್, ಮೂರು ಅಲ್ಪವಿರಾಮ-ಬಿಂದುಗಳಿಗೆ 12, ಎರಡೂ ಬದಿ ಪ್ಯಾಡಿಂಗ್ 16, ಸೇರಿ 100, ಮಿಕ್ಕ 4 ಸಡಿಲಕ್ಕೆ. ಬಳಸುವವರು ಗೆರೆ ಎಳೆದು ಅಗಲ ಬದಲಿಸಿದರೆ ಅದನ್ನು ಉಳಿಸಿಡಿ. ಕನಿಷ್ಠ ಅಗಲವನ್ನೂ ಕಟ್ಟಿಡಿ, ಸೊನ್ನೆಗೆ ಎಳೆದ ಕಾಲಮ್ಮನ್ನು ಮತ್ತೆ ಹುಡುಕುವುದು ಯಾರಿಗೂ ಆಗದು. ಗೆರೆ ಎರಡು ಪಿಕ್ಸೆಲ್ ಕಂಡರೂ ಹಿಡಿಯುವ ಜಾಗ 8 ಪಿಕ್ಸೆಲ್ ಇರಲಿ.

ಮೊತ್ತ ಬಲಕ್ಕೆ, ಅದರ ಹೆಡರೂ ಬಲಕ್ಕೆ. ಹೆಡರ್ ಎಡಕ್ಕೆ, ಅಂಕಿ ಬಲಕ್ಕೆ ಬಿಟ್ಟರೆ ಕಣ್ಣು ಪಕ್ಕದ ಕಾಲಮ್ಮಿಗೆ ಜಾರುತ್ತದೆ. ಎಲ್ಲ ಮೊತ್ತಕ್ಕೂ ಎರಡು ದಶಾಂಶ, ಇಲ್ಲವೇ ಯಾವುದಕ್ಕೂ ಬೇಡ. ಫಾಂಟ್-ವೇರಿಯಂಟ್-ನ್ಯೂಮರಿಕ್ ಟ್ಯಾಬ್ಯುಲರ್-ನಮ್ಸ್ ಹಾಕಿದರೆ 1 ಮತ್ತು 8 ಒಂದೇ ಅಗಲಕ್ಕೆ ಬರುತ್ತವೆ, ಬಿಡಿ-ಹತ್ತು-ನೂರು ಒಂದರ ಕೆಳಗೊಂದು ನಿಲ್ಲುತ್ತವೆ. ಫಾಂಟಿನಲ್ಲಿ ಆ ಸೌಲಭ್ಯ ಇರಬೇಕು ಅನ್ನುವುದು ನೆನಪಿರಲಿ. ಲಕ್ಷ-ಕೋಟಿಯ ಅಲ್ಪವಿರಾಮಕ್ಕೆ ಇಂಟ್ಲ್.ನಂಬರ್‌ಫಾರ್ಮ್ಯಾಟಿಗೆ ಇಎನ್-ಐಎನ್ ಕೊಡಿ. ಕನ್ನಡ ಅಂಕಿಯೇ (೧೨೩) ಬೇಕಾದರೆ ಕೆಎನ್-ಐಎನ್-ಯು-ಎನ್‌ಯು-ಕೆಎನ್‌ಡಿಎ, ಆಗ 1234567 ಕೊಟ್ಟು ಅಲ್ಪವಿರಾಮ ಎಲ್ಲಿ ಬಿತ್ತು ಎಂದು ಖಚಿತ ಮಾಡಿಕೊಳ್ಳಿ.

ಬಾಕಿ ಇಲ್ಲದವರಿಗೆ 0.00, ಮಾಹಿತಿಯೇ ಇಲ್ಲದವರಿಗೆ ಅಡ್ಡಗೆರೆ. ಎರಡನ್ನೂ ಖಾಲಿ ಬಿಟ್ಟರೆ ತೀರಿಸಿದವರು ಯಾರು, ಎಂಟ್ರಿ ಆಗದವರು ಯಾರು ತಿಳಿಯದು. ಸಾರ್ಟ್ ಏರಿಕೆಯಿರಲಿ ಇಳಿಕೆಯಿರಲಿ, ಅಡ್ಡಗೆರೆಯವು ಕೊನೆಗೇ ಹೋಗಬೇಕು.

---

ಹೊಸಗೆರೆ

ಇಬ್ಬರಿಗೂ ಧನ್ಯವಾದ. ಒಳಗಿನ ಡಿವ್ ಇದ್ದದ್ದು ನಿಜ, ಅದನ್ನು ತೆಗೆದ ಮೇಲೆ ಲಕ್ಷ್ಮಿ ಪೂರ್ತಿ ಕಾಣುತ್ತಾಳೆ. ಕೊಲೇಟರ್ ಹಾಕಿದ ಮೇಲೆ ಊರುಗಳೂ ಲೆಡ್ಜರಿನಂತೆಯೇ ಬರುತ್ತಿವೆ.

ಉಳಿದದ್ದು ವೇಗ. ಅದರ ಜೊತೆ ಈಗ ಕಂಡದ್ದು ಇನ್ನೊಂದು: ಐದು ಜನರನ್ನು ಟಿಕ್ ಮಾಡಿ, ಬಾಕಿಯ ಮೇಲೆ ಸಾರ್ಟ್ ಮಾಡಿ, "ನೋಟಿಸ್ ಕಳಿಸು" ಒತ್ತಿದರೆ ಬೇರೆ ಐದು ಜನರ ಹೆಸರು ಬರುತ್ತದೆ.

---

ಕಿಟಕಿ ಉತ್ತರ

ನೋಟಿಸಿನದನ್ನು ಇವತ್ತೇ ಸರಿಮಾಡಿ, ವೇಗ ನಾಳೆಗಿರಲಿ. ಸಾಲ ತೀರಿಸಿದವರ ಮನೆಗೆ ನೋಟಿಸ್ ಹೋದರೆ ಅದು ಬರೀ ಬಗ್ ಆಗಿ ಉಳಿಯುವುದಿಲ್ಲ.

ಟಿಕ್ ಆದದ್ದನ್ನು ನೀವು ರೋ ನಂಬರಿನಿಂದ ನೆನಪಿಟ್ಟಿದ್ದೀರಿ. 3, 7, 12 ಎಂದು ಬರೆದುಕೊಂಡು ಕೂತರೆ, ಸಾರ್ಟ್ ಆದ ಮೇಲೆ ಆ ಜಾಗದಲ್ಲಿ ಕೂತವರು ಬೇರೆ. ಟಿಕ್ ಮಾಡಿದ ಕೂಡಲೇ ಸದಸ್ಯ ಸಂಖ್ಯೆಯನ್ನು ಒಂದು ಸೆಟ್‌ಗೆ ಹಾಕಿ. ರೋ ಬರೆಯುವಾಗ ಆ ಸಂಖ್ಯೆ ಸೆಟ್‌ನಲ್ಲಿದೆಯಾ ನೋಡಿ ಟಿಕ್ ತೋರಿಸಿ. ಫಿಲ್ಟರ್ ಹಾಕಿದಾಗ ಟಿಕ್ ಆದವರಲ್ಲಿ ಕೆಲವರು ಮರೆಯಾಗುತ್ತಾರೆ. ಅದಕ್ಕೆ ಬಟನ್ ಮೇಲೆ "5 ಜನರಿಗೆ ನೋಟಿಸ್ (2 ಜನ ಈ ಪಟ್ಟಿಯಲ್ಲಿ ಕಾಣುತ್ತಿಲ್ಲ)" ಎಂದು ಎಣಿಕೆ ಬರಲಿ. ತಲೆಯ ಮೇಲಿನ "ಎಲ್ಲ" ಟಿಕ್ ಅಂದರೆ ಕಾಣುವ ಎಲ್ಲರೋ, ಫಿಲ್ಟರಿನ ಎಲ್ಲರೋ, 8,640 ಜನರೋ ಎನ್ನುವುದನ್ನು ಮಾತಿನಲ್ಲೇ ಬರೆಯಿರಿ.

ಈಗ ವೇಗ. 8,640ಕ್ಕೆ 11 ಅಂದರೆ 95,040 ಸೆಲ್. ಟೇಬಲ್-ಲೇಔಟ್ ಆಟೋ ಇದ್ದರೆ ಕಾಲಂ ಅಗಲ ತೀರ್ಮಾನಿಸಲು ಬ್ರೌಸರ್ ಅಷ್ಟನ್ನೂ ಅಳೆಯುತ್ತದೆ. ಫಿಕ್ಸೆಡ್ ಮಾಡಿದ್ದರಿಂದಲೇ ಸ್ವಲ್ಪ ಹಗುರಾಗಿರಬೇಕು. ಅಷ್ಟಕ್ಕೇ ತೃಪ್ತಿಯಾದರೆ ಅಲ್ಲಿಗೆ ನಿಲ್ಲಿಸಿ, ಯಾಕೆಂದರೆ ಮುಂದಿನ ಹೆಜ್ಜೆಗೆ ಬೆಲೆ ಇದೆ.

ಮುಂದಿನ ಹೆಜ್ಜೆ ವರ್ಚುವಲ್ ಸ್ಕ್ರಾಲ್: ಕಾಣುವ ರೋಗಳನ್ನು ಮಾತ್ರ ಬರೆಯುವುದು. ಟೇಬಲ್ಲಿಗೆ ಸಿಗುವ ಎತ್ತರ 560 ಪಿಕ್ಸೆಲ್ ಅಂದುಕೊಳ್ಳಿ, 36ರಂತೆ 16 ರೋ. ಮೇಲೊಂದು 10, ಕೆಳಗೊಂದು 10 ಹೆಚ್ಚಿಗೆ ಇಟ್ಟರೆ 36 ರೋ, 396 ಸೆಲ್. ಸ್ಕ್ರಾಲ್‌ಟಾಪನ್ನು 36ರಿಂದ ಭಾಗಿಸಿದರೆ ಮೊದಲ ರೋ ಸಿಗುತ್ತದೆ. ಟಿಬಾಡಿಯ (ಹೆಡರ್ ಬಿಟ್ಟು ಉಳಿದ ರೋಗಳಿರುವ ಭಾಗದ) ತಲೆಗೆ ಮತ್ತು ಬುಡಕ್ಕೆ ಒಂದೊಂದು ಖಾಲಿ ರೋ ಇಟ್ಟು, ಮಿಕ್ಕ ಎತ್ತರವನ್ನು ಅವಕ್ಕೆ ಕೊಡಿ. ಒಟ್ಟು ಎತ್ತರ 3,11,040 ಪಿಕ್ಸೆಲ್, ಬ್ರೌಸರಿಗೆ ಇದು ಭಾರವೇನಲ್ಲ.

ಇಲ್ಲಿ ಎಡವುವ ಜಾಗಗಳು ಗೊತ್ತಿರಲಿ. ರೋ ಎತ್ತರ ಎಲ್ಲಕ್ಕೂ ಒಂದೇ ಇರಬೇಕು. ಒಬ್ಬರ ಹೆಸರು ಎರಡು ಸಾಲಿಗೆ ಮಡಚಿದರೂ ಲೆಕ್ಕ ತಪ್ಪಿ, ಸ್ಕ್ರಾಲ್ ಮಾಡುವಾಗ ಪಟ್ಟಿ ಎಗರುತ್ತದೆ. ಜೀಬ್ರಾ ಪಟ್ಟೆಗೆ ಎನ್‌ಟಿಎಚ್-ಚೈಲ್ಡ್ ಬಳಸಿದ್ದರೆ ಪಟ್ಟೆ ಮಿನುಗುತ್ತದೆ: ಮೇಲಿನ ಒಂದು ರೋ ಡಾಮ್‌ನಿಂದ (ಬ್ರೌಸರ್ ಕಟ್ಟಿಕೊಂಡ ಪುಟದ ರಚನೆಯಿಂದ) ಹೋದ ಕೂಡಲೇ ಸಮ ಇದ್ದದ್ದು ಬೆಸ ಆಗುತ್ತದೆ. ಡೇಟಾದ ಕ್ರಮಸಂಖ್ಯೆ ನೋಡಿ ಕ್ಲಾಸ್ ಹಾಕಿ. ಫೋಕಸ್ ಇದ್ದ ರೋ ಪರದೆಯಿಂದ ಆಚೆ ಹೋಗಿ ಅಳಿಸಿಹೋದರೆ ಕೀಬೋರ್ಡ್ ಫೋಕಸ್ ಪುಟದ ತಲೆಗೆ ಹಾರುತ್ತದೆ, ಆ ಒಂದು ರೋ ಮಾತ್ರ ಅಳಿಸದೆ ಉಳಿಸಿಕೊಳ್ಳಿ.

ಬೆಲೆ ಅಂದೆನಲ್ಲ, ಅದು ಇದು: ಬ್ರೌಸರಿನ ಕಂಟ್ರೋಲ್-ಎಫ್ ಇಲ್ಲದ ರೋಗಳಲ್ಲಿ ಹುಡುಕುವುದಿಲ್ಲ. ಗುಮಾಸ್ತರು ಅದಕ್ಕೆ ಒಗ್ಗಿಕೊಂಡಿದ್ದರೆ ನಿಮ್ಮದೇ ಹುಡುಕು ಪೆಟ್ಟಿಗೆ ಮೊದಲು ಕೊಟ್ಟು, ಆಮೇಲೆ ವರ್ಚುವಲ್ ಮಾಡಿ. ಸ್ಕ್ರೀನ್ ರೀಡರಿಗೂ (ಪರದೆಯನ್ನು ಓದಿ ಹೇಳುವ ತಂತ್ರಾಂಶ) 36 ರೋ ಮಾತ್ರ ಕಾಣುವುದರಿಂದ, ಅದಕ್ಕೆ ಒಟ್ಟು ಎಣಿಕೆ ತಿಳಿಸಲು ಟೇಬಲ್ಲಿಗೆ ಏರಿಯಾ-ರೋಕೌಂಟ್, ರೋ ಎಷ್ಟನೆಯದು ಎಂದು ತಿಳಿಸಲು ಪ್ರತಿ ರೋಗೆ ಏರಿಯಾ-ರೋಇಂಡೆಕ್ಸ್ ಬೇಕು. ಹೆಡರ್ ರೋ ಕೂಡ ಎಣಿಕೆಗೆ ಸೇರುತ್ತದೆ, ಹಾಗಾಗಿ ಒಟ್ಟು 8,641.

ನನ್ನ ಅಭಿಪ್ರಾಯ ಕೇಳಿದರೆ, ಈ ಸಂಘಕ್ಕೆ ವರ್ಚುವಲ್ ಬೇಡ. ಊರು ಆರಿಸಿದರೆ ಆ ಊರಿನವರು ಮಾತ್ರ ಬರಲಿ. 8,640 ಜನರ ಪಟ್ಟಿಯನ್ನು ಯಾರೂ ಸ್ಕ್ರಾಲ್ ಮಾಡಿ ಓದುವುದಿಲ್ಲ, ವಸೂಲಿಗೆ ಹೋಗುವುದೂ ಊರೂರಿಗೆ.

---

ಹಳೆಜಾವಾ ಉತ್ತರ

ಇದೇ ಕೆಲಸವನ್ನು ಬ್ರೌಸರ್ ಬಿಟ್ಟು ಜಾವಾದ ಸ್ವಿಂಗ್ ಲೈಬ್ರರಿಯ ಜೆಟೇಬಲ್‌ನಲ್ಲಿ ಮಾಡುವವರೂ ಈ ಪುಟಕ್ಕೆ ಬರುತ್ತಾರೆ, ಅವರಿಗಾಗಿ ಸ್ವಲ್ಪ.

ಜೆಟೇಬಲ್ ರೋ ಎತ್ತರ ಸಾಮಾನ್ಯವಾಗಿ 16 ಪಿಕ್ಸೆಲ್ಲೇ, ಕನ್ನಡ ಅದರೊಳಗೆ ಕೂರುವುದಿಲ್ಲ. ಫಾಂಟ್‌ಮೆಟ್ರಿಕ್ಸ್‌ನ ಗೆಟ್‌ಹೈಟ್ ತೆಗೆದು 8 ಕೂಡಿಸಿ ಸೆಟ್‌ರೋಹೈಟ್‌ಗೆ ಕೊಡಿ.

ಸಾರ್ಟ್ ಆದ ಮೇಲೆ ಗೆಟ್‌ಸೆಲೆಕ್ಟೆಡ್‌ರೋಸ್ ಕೊಡುವುದು ಪರದೆಯ ಸಂಖ್ಯೆ, ಮಾಡೆಲ್ಲಿನದಲ್ಲ. ಪ್ರತಿಯೊಂದನ್ನೂ ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್ ಮೂಲಕ ಹಾಯಿಸಬೇಕು. ಹಲವು ರೋ ಅಳಿಸುವಾಗ ಮೊದಲು ಎಲ್ಲವನ್ನೂ ಪರಿವರ್ತಿಸಿ ಒಂದು ಪಟ್ಟಿ ಮಾಡಿ, ದೊಡ್ಡ ಸಂಖ್ಯೆಯಿಂದ ಚಿಕ್ಕದಕ್ಕೆ ಅಳಿಸುತ್ತಾ ಬನ್ನಿ. ಒಂದನ್ನು ಪರಿವರ್ತಿಸಿ ಅಳಿಸಿ, ಇನ್ನೊಂದನ್ನು ಪರಿವರ್ತಿಸಿ ಅಳಿಸಿ ಎಂದು ಹೋದರೆ ಎರಡನೆಯದರಿಂದಲೇ ತಪ್ಪು ಶುರು.

ಮೊತ್ತದ ಕಾಲಂ 10,000, 2,500, 95,000 ಎಂದು ಸಾರ್ಟ್ ಆಗುತ್ತಿದ್ದರೆ ಮಾಡೆಲ್ಲಿನ ಗೆಟ್‌ಕಾಲಂಕ್ಲಾಸ್ ಬರೆದಿಲ್ಲ ಎಂದರ್ಥ. ಬರೆಯದಿದ್ದರೆ ಅದು ಆಬ್ಜೆಕ್ಟ್ ಅನ್ನುತ್ತದೆ, ಸಾರ್ಟರ್ ಎಲ್ಲವನ್ನೂ ಅಕ್ಷರವಾಗಿ ಹೋಲಿಸುತ್ತದೆ. ಮಾಡೆಲ್ಲಿನಲ್ಲಿ ಬಿಗ್‌ಡೆಸಿಮಲ್ ಇಡಿ, ಅಲ್ಪವಿರಾಮ ಹಾಕುವುದು ರೆಂಡರರ್ ಕೆಲಸ. ವೆಬ್ಬಿನಲ್ಲಿಯೂ ಇದೇ ನಿಯಮ: ತೋರಿಸುವ ಅಕ್ಷರದ ಮೇಲೆ ಎಂದೂ ಸಾರ್ಟ್ ಮಾಡಬೇಡಿ. ದಿನಾಂಕಕ್ಕೆ ಇದು ಇನ್ನೂ ಮುಖ್ಯ, 05-11-2023 ಮತ್ತು 12-01-2022 ಅಕ್ಷರವಾಗಿ ಹೋಲಿಸಿದರೆ ಹೊಸದು ಹಳೆಯದರ ಮೊದಲು ಬರುತ್ತದೆ.

ಕನ್ನಡದ ಅನುಕ್ರಮಕ್ಕೆ ಜಾವಾದ ಜೊತೆ ಬರುವ ಕೊಲೇಟರನ್ನು ನೆಚ್ಚಬೇಡಿ. ಐಸಿಯುವಿನ ಜಾವಾ ರೂಪವಾದ ಐಸಿಯು4ಜೆ ಸೇರಿಸಿ ಅದರ ಕೊಲೇಟರನ್ನು ಸೆಟ್‌ಕಂಪರೇಟರಿಗೆ ಕೊಡಿ.

---

ಓದುಗಣ್ಣು ಉತ್ತರ

ಕಿಟಕಿ ಅವರು ಹೇಳಿದ ಊರು ಆರಿಸುವ ಪೆಟ್ಟಿಗೆಯ ಬಗ್ಗೆ. 64 ಊರಿದ್ದರೆ ಉದ್ದ ಡ್ರಾಪ್‌ಡೌನ್‌ಗಿಂತ ನಾಲ್ಕು ಕಾಲಂನ ಚೆಕ್‌ಬಾಕ್ಸ್ ಪಟ್ಟಿ ಒಳ್ಳೆಯದು: ಕಾಲಂಗೆ 16, ಒಂದಕ್ಕೆ 28 ಪಿಕ್ಸೆಲ್, ಎತ್ತರ 448. ಒಂದೇ ನೋಟಕ್ಕೆ ಎಲ್ಲ ಊರೂ.

ಇಲ್ಲಿ ಮುಖ್ಯ ಪ್ರಶ್ನೆ ಅಕಾರಾದಿ ಕೆಳಕ್ಕೆ ಹೋಗಬೇಕೋ ಅಡ್ಡಕ್ಕೋ. ಕೆಳಕ್ಕೆ. ನಿಘಂಟು, ಮತದಾರರ ಪಟ್ಟಿ, ಲೆಡ್ಜರ್ ಎಲ್ಲ ಕಣ್ಣನ್ನು ಕೆಳಕ್ಕೆ ಒಗ್ಗಿಸಿವೆ. ಒಂದರ ಕೆಳಗೊಂದು ಬಂದಾಗ ಮೊದಲ ಅಕ್ಷರಗಳು ಒಂದೇ ಗೆರೆಯಲ್ಲಿ ನಿಂತು ಬ ಎಲ್ಲಿ ಮುಗಿದು ಮ ಶುರುವಾಯಿತು ಎಂದು ಥಟ್ಟನೆ ಕಾಣುತ್ತದೆ. ವಿಂಡೋಸ್ ಎಕ್ಸ್‌ಪ್ಲೋರರಿನ ಲಿಸ್ಟ್ ನೋಟ ಕೆಳಕ್ಕೆ ತುಂಬುತ್ತದೆ, ಸ್ಮಾಲ್ ಐಕಾನ್ ನೋಟ ಅಡ್ಡಕ್ಕೆ. ಒಂದೇ ಫೋಲ್ಡರನ್ನು ಎರಡರಲ್ಲೂ ತೆರೆದು ಒಂದು ಫೈಲ್ ಹುಡುಕಿ ನೋಡಿ. ಸಿಎಸ್‌ಎಸ್‌ನಲ್ಲಿ ಗ್ರಿಡ್ ಹಾಕಿದರೆ ಸುಮ್ಮನೆ ಅಡ್ಡಕ್ಕೆ ತುಂಬುತ್ತದೆ, ಕಾಲಂ-ವಿಡ್ತ್ 160 ಪಿಕ್ಸೆಲ್ ಕೊಟ್ಟರೆ ಕೆಳಕ್ಕೆ. ಪ್ರತಿ ಐಟಮ್ಮಿಗೆ ಬ್ರೇಕ್-ಇನ್‌ಸೈಡ್ ಅವಾಯ್ಡ್ ಬೇಕು, ಇಲ್ಲದಿದ್ದರೆ ಎರಡು ಸಾಲಿನ ಊರಿನ ಹೆಸರು ಅರ್ಧ ಇಲ್ಲಿ ಅರ್ಧ ಅಲ್ಲಿ ಆಗುತ್ತದೆ. ಪಟ್ಟಿ ಒಂದು ಪರದೆಗಿಂತ ಎತ್ತರವಾದರೆ ಮಾತ್ರ ಈ ರೀತಿ ಬೇಡ. ಮೊದಲ ಕಾಲಂ ಬುಡದವರೆಗೆ ಇಳಿದು, ಎರಡನೆಯದಕ್ಕೆ ಮತ್ತೆ ಮೇಲೆ ಹತ್ತಬೇಕಾಗುತ್ತದೆ.

ಮುಖ್ಯ ಟೇಬಲ್ಲಿನಲ್ಲಿ ಸಾರ್ಟ್ ಮಾಡುವ ಹೆಡರ್ ಒಳಗೆ ನಿಜವಾದ ಬಟನ್ ಇರಲಿ, ಬರೀ ಟಿಎಚ್ (ಹೆಡರ್ ಸೆಲ್‌ನ ಟ್ಯಾಗ್) ಮೇಲೆ ಕ್ಲಿಕ್ ಕಟ್ಟಿದರೆ ಟ್ಯಾಬ್ ಕೀ ಅಲ್ಲಿಗೆ ಹೋಗುವುದಿಲ್ಲ. ಏರಿಯಾ-ಸಾರ್ಟ್ ಟಿಎಚ್ ಮೇಲೆ, ಸದ್ಯ ಯಾವ ಕಾಲಂ ಸಾರ್ಟ್ ಆಗಿದೆಯೋ ಅದೊಂದಕ್ಕೇ. ರೋಲ್ ಗ್ರಿಡ್ ಎಂದು ಬರೆಯುವ ಆಸೆ ಬರುತ್ತದೆ. ಬರೆದರೆ ಬಾಣದ ಕೀಗಳಿಂದ ಸೆಲ್‌ನಿಂದ ಸೆಲ್‌ಗೆ ಓಡಾಡುವುದನ್ನು ನೀವೇ ಕಟ್ಟಬೇಕು. ಕಟ್ಟದಿದ್ದರೆ ಸಾದಾ ಟೇಬಲ್ಲೇ ಮೇಲು. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವವರು ಕಂಟ್ರೋಲ್-ಆಲ್ಟ್-ಬಾಣ ಒತ್ತಿ ಟೇಬಲ್ಲಿನಲ್ಲಿ ಓಡಾಡುತ್ತಾರೆ, ಟಿಎಚ್‌ಗೆ ಸ್ಕೋಪ್ ಕಾಲ್ ಇದ್ದರೆ ಪ್ರತಿ ಕಾಲಮ್ಮಿಗೂ ಹೆಸರು ಕೇಳಿಸುತ್ತದೆ. ಚೆಕ್‌ಬಾಕ್ಸಿಗೆ "ಆರಿಸು" ಎಂದಷ್ಟೇ ಲೇಬಲ್ ಬೇಡ, "ಆರಿಸು, ಸದಸ್ಯ 412, ಲಕ್ಷ್ಮಮ್ಮ" ಇರಲಿ. ಒತ್ತುವ ಜಾಗ ಕನಿಷ್ಠ 24×24, ವೆಬ್ ಪುಟ ಎಲ್ಲರಿಗೂ ಬಳಸಲು ಆಗಬೇಕೆನ್ನುವ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿ ಕೇಳುವುದೂ ಅಷ್ಟನ್ನೇ.

ಗಡುವು ಮೀರಿದವರನ್ನು ಕೆಂಪು ಬಣ್ಣದಿಂದ ಮಾತ್ರ ತೋರಿಸಬೇಡಿ. ಗಡುವಿನ ಸೆಲ್‌ನಲ್ಲಿ "ಮೀರಿದೆ" ಎಂಬ ಪದವೇ ಬರಲಿ, ಕಪ್ಪು-ಬಿಳುಪು ಪ್ರಿಂಟಿನಲ್ಲೂ ಉಳಿಯುತ್ತದೆ.

---

ಹೊಸಗೆರೆ

ಟಿಕ್ ಈಗ ಸದಸ್ಯ ಸಂಖ್ಯೆಗೆ ಕಟ್ಟಿದೆ, ಸಾರ್ಟ್ ಎಷ್ಟು ಸಲ ಬದಲಿಸಿದರೂ ಅದೇ ಐದು ಜನ. ಊರಿನ ಪೆಟ್ಟಿಗೆ ಹಾಕಿದ್ದೇನೆ, ವರ್ಚುವಲ್ ಕೈಬಿಟ್ಟೆ. ಪ್ರಿಂಟ್ ಮಾತು ಬಂದಿದ್ದಕ್ಕೆ ಕೊನೆಯದಾಗಿ ಕೇಳುತ್ತೇನೆ: ಆಡಳಿತ ಮಂಡಳಿ ಸಭೆಗೆ ಇದೇ ಪಟ್ಟಿ ಎ4 ಹಾಳೆಯಲ್ಲಿ ಬೇಕು. ಬಲಗಡೆಯ ಬಾಕಿ, ಗಡುವು ಎರಡೂ ಹಾಳೆಯಿಂದ ಆಚೆ ಹೋಗುತ್ತವೆ.

---

ಚೌಕಟ್ಟು ಉತ್ತರ

1268 ಪಿಕ್ಸೆಲ್ ಅಂದರೆ ಕಾಗದದ ಮೇಲೆ ಸುಮಾರು 335 ಮಿಲಿಮೀಟರ್. ಎ4 ಅಡ್ಡ ಹಾಳೆ 297, ಎರಡೂ ಬದಿ 10 ಬಿಟ್ಟರೆ 277. ಪೂರ್ತಿ ಕುಗ್ಗಿಸಿದರೆ ಶೇ 82ಕ್ಕೆ ಇಳಿಯುತ್ತದೆ, ಅಕ್ಷರ ಸುಮಾರು 8.6 ಪಾಯಿಂಟ್, ಒತ್ತಕ್ಷರ ಓದಲು ಕಷ್ಟ. ಪ್ರಿಂಟಿನ ಸ್ಟೈಲಿನಲ್ಲಿ ತಂದೆ ಅಥವಾ ಗಂಡನ ಹೆಸರಿನ ಕಾಲಂ ತೆಗೆದು, ಆ ಹೆಸರನ್ನು ಸದಸ್ಯರ ಹೆಸರಿನ ಕೆಳಗೆ ಎರಡನೇ ಸಾಲಾಗಿ ತನ್ನಿ. 170 ಉಳಿದು 1098 ಆಗುತ್ತದೆ, 290 ಮಿಲಿಮೀಟರ್, ಶೇ 95ಕ್ಕೆ ಕುಗ್ಗಿಸಿದರೆ ಕೂರುತ್ತದೆ.

ಪ್ರಿಂಟಿನಲ್ಲಿ ಸ್ಟಿಕಿಗಳನ್ನೆಲ್ಲ ಸ್ಟ್ಯಾಟಿಕ್ ಮಾಡಿ. ಟೇಬಲ್ ಸುತ್ತಲಿನ ಡಿವ್‌ನ ಗರಿಷ್ಠ ಎತ್ತರ ಮತ್ತು ಓವರ್‌ಫ್ಲೋ ತೆಗೆಯಿರಿ, ಇಲ್ಲದಿದ್ದರೆ ಒಂದೇ ಹಾಳೆ ಬಂದು ನಿಲ್ಲುತ್ತದೆ. ಹೆಡರ್ ಟಿಹೆಡ್ ಒಳಗಿದ್ದು ಅದರ ಡಿಸ್‌ಪ್ಲೇ ಟೇಬಲ್-ಹೆಡರ್-ಗ್ರೂಪ್ ಆಗಿದ್ದರೆ ಪ್ರತಿ ಹಾಳೆಯ ತಲೆಗೂ ಅದು ಬರುತ್ತದೆ. ಟಿಆರ್‌ಗೆ ಬ್ರೇಕ್-ಇನ್‌ಸೈಡ್ ಅವಾಯ್ಡ್. ಮೊತ್ತದ ಸಾಲನ್ನು ಟಿಫುಟ್ ಒಳಗೆ ಇಟ್ಟಿದ್ದರೆ ಅದೂ ಪ್ರತಿ ಹಾಳೆಯ ಬುಡಕ್ಕೆ ಮತ್ತೆ ಮತ್ತೆ ಅಚ್ಚಾಗುತ್ತದೆ, ಸಭೆಯಲ್ಲಿ ಯಾರಾದರೂ ಅದನ್ನು ಆ ಹಾಳೆಯ ಮೊತ್ತ ಅಂದುಕೊಳ್ಳುತ್ತಾರೆ. ಟಿಬಾಡಿಯ ಕೊನೆಯ ರೋ ಮಾಡಿಬಿಡಿ.